ಏರಿಯ ಮೇಲೆ ನಿಂತರೆ ಕೆರೆ ಕಾಣದು

ಕಳೆದ ದೀಪಾವಳಿಗೆ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಇಬ್ಬರು ಗೆಳತಿಯರನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಹಬ್ಬದ ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಮಾವ, ಹೋದ ದಾರಿಯಲ್ಲೇ ವಾಪಸು ಬರದೆ, ಒಂದು ಸುತ್ತು ಹಾಕಿ ಮನೆಗೆ ಬರುವಂಥ ಕಾಲುದಾರಿ ನಿಮ್ಮೂರಲ್ಲಿ ಇದೆಯಾ? ಕೆರೆ, ಕಾಡು ಎಲ್ಲ ಸಿಗಬೇಕು" ಎಂದು ಕೇಳಿದಳು. "ಇಲ್ಲದೆ ಏನು! ಮೂರು ಕೆರೆ, ಒಂದು ಕಾನು ಸುತ್ತಿಸಿಕೊಂಡು ಬರುತ್ತೇನೆ, ಬನ್ನಿ" ಎಂದು ನಾನು ಜಂಬದಿಂದಲೇ ಹೇಳಿದೆ.

ಮನೆಯಿಂದ ಹೊರಟ ಮೇಲೆ ನನಗೆ ಒಂದು ಸಂಗತಿ ಹೊಳೆಯಿತು. ಈ ಊರಲ್ಲಿ ಹುಟ್ಟಿ, ಇಲ್ಲೇ ಬೇಸಾಯ ಮಾಡಿಕೊಂಡು ಬಂದ ನಾನು ಆ ಸುತ್ತನ್ನು ಪೂರ್ತಿಯಾಗಿ ನಡೆದು ಮೂವತ್ತು ವರ್ಷವೇ ಆಗಿತ್ತು. ಊರಕೆರೆಯ ಏರಿಯ ಮೇಲೆ ದಿನವೂ ಓಡಾಡುತ್ತೇನೆ. ಕಾನಿನ ಅಂಚಿಗೆ ಸೊಪ್ಪಿಗೆಂದು ಹೋಗುತ್ತೇನೆ. ಆದರೆ ಕೆರೆಯಿಂದ ಕೆರೆಗೆ, ಕೆರೆಯಿಂದ ಕಾನಿಗೆ ನೀರು ಬಂದ ಜಾಡು ಹಿಡಿದು ನಡೆದಿರಲಿಲ್ಲ. ದಾರಿ ತಪ್ಪೀತೆಂಬ ಅಂಜಿಕೆಯಿಂದ ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡೆ. ಹಿಂದೆ ಕೆರೆಯ ತೂಬು ತೆಗೆದು ನೀರು ಬಿಡುವ ಕೆಲಸ ಅವರ ಮನೆತನದ್ದೇ ಆಗಿತ್ತು.

ಅಂದು ನೋಡಿದ್ದನ್ನೂ, ಆಮೇಲೆ ಮಾಡಿದ್ದನ್ನೂ ಈ ಪುಟದ ಓದುಗರ ಮುಂದೆ ಇಡಬೇಕೆಂದು ಈ ಬರಹ. ನನ್ನ ವಾದ ಇಷ್ಟೇ: ಕೆರೆಯ ಹೂಳೆತ್ತುವ ಮೊದಲು ಊರಿನವರೆಲ್ಲ ಸೇರಿ ಆ ಕೆರೆಗೆ ನೀರು ಬರುವ ಸುತ್ತನ್ನು ಒಮ್ಮೆ ಕಾಲ್ನಡಿಗೆಯಲ್ಲಿ ಸುತ್ತಬೇಕು. ವರ್ಷಕ್ಕೊಮ್ಮೆಯಾದರೂ ಸುತ್ತಬೇಕು.

ಮೂರು ಕೆರೆ, ಒಂದು ಕಾನು

ನಮ್ಮದು ಸೊರಬ ತಾಲ್ಲೂಕಿನ ಸಣ್ಣ ಹಳ್ಳಿ. ಪಶ್ಚಿಮಕ್ಕೆ ಹೋದಂತೆ ದಟ್ಟ ಮಲೆನಾಡು, ಪೂರ್ವಕ್ಕೆ ಇಳಿದಂತೆ ಅರೆಮಲೆನಾಡು. ಮಳೆಗಾಲದಲ್ಲಿ ಸುರಿಯುವ ಮಳೆಗೆ ಕೊರತೆ ಇಲ್ಲದಿದ್ದರೂ ಬೇಸಿಗೆಗೆ ನೀರು ಉಳಿಯುವುದಿಲ್ಲ. ಆದ್ದರಿಂದಲೇ ನಮ್ಮ ಹಿರಿಯರು ತಗ್ಗು ಸಿಕ್ಕಿದಲ್ಲೆಲ್ಲ ಏರಿ ಹಾಕಿ ಕೆರೆ ಕಟ್ಟಿದರು. ಕೆರೆಯ ತಲೆಯ ಮೇಲಿನ ಕಾನನ್ನು ಕಡಿಯದೆ ಉಳಿಸಿಕೊಂಡರು. ಕಾನು ಎಂದರೆ ಬರಿಯ ಕಾಡಲ್ಲ. ಸದಾ ಹಸಿರಾಗಿರುವ, ಮೆಣಸಿನ ಬಳ್ಳಿ ಹಬ್ಬಿದ, ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಕಾಡು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಕೊಟ್ಟ ವರದಿಯಲ್ಲಿ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳು, ಒಟ್ಟು 32,594 ಎಕರೆ ಎಂಬ ಲೆಕ್ಕವಿದೆ. ಇಂದು ಆ ಕಾನುಗಳಲ್ಲಿ ಎಷ್ಟೋ ಚೂರುಚೂರಾಗಿವೆ. ಕೆಲವು ನೆಡುತೋಪಾಗಿವೆ, ಕೆಲವು ಸಾಗುವಳಿಯಾಗಿವೆ.

ನಾವು ಹಿಡಿದ ದಾರಿ ಹೀಗೆ: ಊರಕೆರೆಯ ಏರಿ ಹತ್ತಿ, ಕೆರೆಯ ಅಂಗಳದ ಬದಿಯಲ್ಲಿ ಹಾದು, ಕಾಲುವೆಯ ದಂಡೆ ಹಿಡಿದು ನಡುಗೆರೆಗೆ. ಅಲ್ಲಿಂದ ಏರು ಹತ್ತಿ ಮೇಲಿನಕಟ್ಟೆಗೆ. ಕಟ್ಟೆಯ ಹಿಂದಿನಿಂದ ಕಾನಿನೊಳಕ್ಕೆ. ಕಾನು ದಾಟಿ ದಿಣ್ಣೆಯ ಮೇಲಿನ ಅಕೇಸಿಯಾ ನೆಡುತೋಪಿನ ಅಂಚಿನಲ್ಲಿ ನಡೆದು, ಗಾಡಿದಾರಿಯಲ್ಲಿ ಇಳಿದು ಊರಕೆರೆಯ ಕೋಡಿಗೆ. ಒಟ್ಟು ಆರು ಕಿಲೋಮೀಟರು ಇರಬಹುದು. ನಿಂತು ನೋಡುತ್ತಾ ನಡೆದರೆ ಮೂರು ಗಂಟೆ ಸಾಕು.

ಚೆಲುವಿನ ಮಾತನ್ನೂ ಹೇಳಬೇಕು. ಊರಕೆರೆಯಲ್ಲಿ ನೈದಿಲೆ ಅರಳಿತ್ತು. ನೀರುಕಾಗೆ ಒಣಮರದ ಮೇಲೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿತ್ತು. ನಡುಗೆರೆಯ ಕೆಳಗಿನ ಭತ್ತ ತೆನೆ ಬಾಗಿ ನಿಂತಿತ್ತು. ಕಾನಿನೊಳಗೆ ಕಾಲಿಟ್ಟೊಡನೆ ಬೆಳಕೂ ಸೆಕೆಯೂ ಒಟ್ಟಿಗೆ ತಗ್ಗಿದವು. ಉಪ್ಪಾಗೆ, ರಾಮಪತ್ರೆ, ಬಗನಿ, ಕಾಡುಮಾವು, ದಾಲ್ಚಿನ್ನಿ — ಒಂದೊಂದು ಮರದ ಹೆಸರು ಹೇಳುತ್ತಾ ಹಿರಿಯರು ಮುಂದೆ ನಡೆದರು. ಮೇಲೆ ಎಲ್ಲೋ ಮಂಗಟ್ಟೆ ಹಕ್ಕಿ ಕೂಗಿತು. ಚೌಡಿ ಬನದ ಹತ್ತಿರ ಬಂಡೆಯ ಸಂದಿಯಿಂದ ಒರತೆಯ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಹುಡುಗಿಯರು ಬೊಗಸೆಯಲ್ಲಿ ಕುಡಿದು, ಇಂಥ ಜಾಗ ಇಟ್ಟುಕೊಂಡು ನೀವು ಯಾರೂ ಇಲ್ಲಿಗೆ ಬರುವುದಿಲ್ಲವೇ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಜಾಡು ತಪ್ಪಿದ ನೀರು

ಆದರೆ ಆ ಹೊತ್ತಿಗಾಗಲೇ ನನ್ನ ಮನಸ್ಸು ನೆಟ್ಟಗಿರಲಿಲ್ಲ. ಊರಕೆರೆ ಇತ್ತೀಚಿನ ವರ್ಷಗಳಲ್ಲಿ ತಡವಾಗಿ ತುಂಬುತ್ತಿದೆ, ಬೇಗ ಬತ್ತುತ್ತಿದೆ ಎಂಬ ದೂರು ನಮ್ಮೂರಲ್ಲಿ ಎಲ್ಲರದೂ. ಹೂಳು ತುಂಬಿದೆ, ಹೂಳೆತ್ತಿಸಿರಿ ಎಂದು ಅರ್ಜಿ ಬರೆದವರಲ್ಲಿ ನಾನೂ ಒಬ್ಬ. ಎರಡು ಬೇಸಿಗೆಯ ಹಿಂದೆ ಜೆಸಿಬಿ ಬಂತು, ಲೋಡುಗಟ್ಟಲೆ ಮಣ್ಣು ಹೋಯಿತು. ಕೆರೆ ಆಳವಾಯಿತು. ನೀರು ಮಾತ್ರ ಹೆಚ್ಚಾಗಲಿಲ್ಲ. ಮಳೆಯೇ ಕಡಿಮೆ ಎಂದು ನಾವು ಸಮಾಧಾನ ಮಾಡಿಕೊಂಡೆವು.

"ಕೆರೆ ನೋಡಬೇಕಂದ್ರೆ ಏರಿ ಮೇಲೆ ನಿಂತ್ರೆ ಆಗಲ್ಲಪ್ಪ, ನೀರು ಬಂದ ದಾರೀಲಿ ಹಿಂದಕ್ಕೆ ನಡೀಬೇಕು" ಎಂದು ಹಿರಿಯರು ಅಂದು ಹೇಳಿದರು. ಹಾಗೆ ಹಿಂದಕ್ಕೆ ನಡೆದಾಗ ನಾಲ್ಕು ಕಡೆ ನೀರಿನ ದಾರಿ ಕೆಟ್ಟಿರುವುದು ಕಂಡಿತು.

ಮೇಲಿನಿಂದ ಹೇಳುತ್ತೇನೆ. ದಿಣ್ಣೆಯ ಮೇಲಿನ ನೆಡುತೋಪಿನ ಸುತ್ತ ದನ ಬಾರದಂತೆ ತೋಡಿದ ಅಗಳ ಕಾನಿನ ಕಡೆಗೆ ಇಳಿಯುತ್ತಿದ್ದ ಮಳೆನೀರನ್ನು ಹಿಡಿದು ಇನ್ನೊಂದು ಮಗ್ಗುಲಿಗೆ ಹರಿಸುತ್ತಿತ್ತು. ಮೇಲಿನಕಟ್ಟೆಯ ಕೆಳಗೆ ಹೊಸದಾಗಿ ಆದ ರಸ್ತೆಗೆ ಹಾಕಿದ ಪೈಪು ಕಾಲುವೆಯ ತಳಕ್ಕಿಂತ ಒಂದು ಮೊಳ ಎತ್ತರದಲ್ಲಿತ್ತು. ನೀರು ಅಲ್ಲಿ ನಿಂತು, ರಸ್ತೆಯ ಚರಂಡಿ ಹಿಡಿದು ಹೋಗುತ್ತಿತ್ತು. ನಡುಗೆರೆಯ ಮೇಲಿನ ಇಳಿಜಾರಿನಲ್ಲಿ ಶುಂಠಿ ಹಾಕಿದ್ದರು. ಮಡಿಗಳನ್ನು ಇಳಿಜಾರಿಗೆ ಅಡ್ಡವಾಗಿ ತೆಗೆಯದೆ ಉದ್ದುದ್ದ ಇಳಿಸಿದ್ದರಿಂದ ಮೇಲ್ಮಣ್ಣೆಲ್ಲ ಕೊಚ್ಚಿಬಂದು ನಡುಗೆರೆಯ ಬಾಯಲ್ಲಿ ದಿಬ್ಬವಾಗಿ ಕೂತಿತ್ತು. ನಾವು ಹಣ ಕೊಟ್ಟು ಎತ್ತಿಸುವ ಹೂಳು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹೂಳು ಎಂದರೆ ಮೇಲಿನವನು ಕಳೆದುಕೊಂಡ ಹೊಲ, ಅಷ್ಟೇ.

ನಾಲ್ಕನೆಯದು ನನ್ನದೇ ಬೇಲಿ.

ನಡುಗೆರೆಯಿಂದ ಊರಕೆರೆಗೆ ಬರುವ ಕಾಲುವೆ ನನ್ನ ತೋಟದ ಅಂಚಿನಲ್ಲಿ ಹಾದುಹೋಗುತ್ತದೆ. ಹನ್ನೊಂದು ವರ್ಷದ ಹಿಂದೆ ಅಡಿಕೆ ಸಸಿ ಇಡುವಾಗ, ಕಾಲುವೆಯಲ್ಲಿ ಹೇಗೂ ಗಿಡಗಂಟಿ ಬೆಳೆದಿದೆಯಲ್ಲಾ ಎಂದು ಬೇಲಿಯನ್ನು ಸ್ವಲ್ಪ ಮುಂದಕ್ಕೆ ಹಾಕಿದ್ದೆ. ಎಲ್ಲರೂ ಮಾಡುವಂತೆ ನಾನೂ ಮಾಡಿದೆ. ಎಂಟು ಅಡಿ ಇದ್ದ ಕಾಲುವೆ ಅಲ್ಲಿ ಮೂರು ಅಡಿಗೆ ಇಳಿದಿತ್ತು. ಹಿರಿಯರು ಅಲ್ಲಿ ನಿಂತು ಕೋಲಿನಿಂದ ಅಳೆದರು. ಒಂದು ಮಾತೂ ಆಡದೆ ಮುಂದೆ ನಡೆದರು. ತಂಗಿಯ ಮಗಳು ಮಾತ್ರ, "ಇದು ಯಾರ ತೋಟ, ಮಾವ?" ಎಂದು ಕೇಳಿದಳು.

ಸಣ್ಣ ಲೆಕ್ಕ

ಐದು ಅಡಿಯಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ನಾನೂ ಹಾಗೆಯೇ ಕೇಳಿಕೊಂಡವನು. ಆದ್ದರಿಂದ ಲೆಕ್ಕ ಹಾಕೋಣ. ನೂರು ಎಕರೆ ಜಾಗದ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು ಒಂದು ಕೋಟಿ ಲೀಟರು ನೀರಾಗುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿಸಿದರೆ ಎರಡು ಸಾವಿರ ಟ್ಯಾಂಕರು. ಇದರಲ್ಲಿ ಬಹುಪಾಲು ಕಾನಿನ ದರಕಿನಲ್ಲಿ, ಮಣ್ಣಿನಲ್ಲಿ ಇಂಗಿ, ನಿಧಾನವಾಗಿ ಒರತೆಯಾಗಿ ಬರಲಿ ಎಂದೇ ನಾವು ಬಯಸಬೇಕು. ಉಳಿದದ್ದು ಹರಿದು ಬರುವ ನೀರು. ಮಘೆ ಮಳೆ ರಭಸವಾಗಿ ಹೊಡೆದ ದಿನ ಅಷ್ಟು ನೀರು ಮೂರು ಅಡಿಯ ಕಿಂಡಿಯಲ್ಲಿ ಹಿಡಿಸುವುದಿಲ್ಲ. ದಂಡೆ ಹಾರಿ ಯಾರದೋ ಗದ್ದೆ ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ನಮ್ಮ ಕಡೆಯ ಹಳ್ಳಗಳು ದಂಡಾವತಿಗೆ, ದಂಡಾವತಿ ವರದೆಗೆ, ವರದೆ ತುಂಗಭದ್ರೆಗೆ. ಅಲ್ಲಿಗೆ ನಮ್ಮ ಪಾಲಿಗೆ ಆ ನೀರು ಇಲ್ಲವಾದಂತೆಯೇ.

ಕೆರೆಗಳು ಒಂಟಿಯಾಗಿ ಇರುವುದಿಲ್ಲ. ಮೇಲಿನದು ಕೋಡಿ ಬಿದ್ದರೆ ನಡುವಿನದಕ್ಕೆ, ನಡುವಿನದು ತುಂಬಿದರೆ ಕೆಳಗಿನದಕ್ಕೆ. ಈ ಸರಣಿಯಲ್ಲಿ ಒಂದು ಕೊಂಡಿ ಕಳಚಿದರೆ ಕೆಳಗಿನ ಕೆರೆಯನ್ನು ಎಷ್ಟು ಆಳ ತೋಡಿದರೂ ಅದು ಬರಿಯ ಗುಂಡಿ. ಆಳ ತೋಡುವುದರಲ್ಲೂ ಅಪಾಯವಿದೆ. ಕೆರೆಯ ತಳದಲ್ಲಿ ಕಾಲಾಂತರದಿಂದ ಕೂತ ಜೇಡಿಯ ಪದರ ನೀರು ಹಿಡಿದಿಡುತ್ತದೆ. ಅದರ ಕೆಳಗಿನ ಜಂಬಿಟ್ಟಿಗೆ ಅಥವಾ ಮೊರಮು ಬಯಲಾದರೆ ನೀರು ತಳದಿಂದಲೇ ಸೋರಿಹೋಗುತ್ತದೆ. ಏರಿಯ ಬುಡಕ್ಕೆ ಬಂದು ತೋಡಿದರೆ ಏರಿಯೇ ಕುಸಿಯಬಹುದು. ಹೂಳು ತೆಗೆಯಬಾರದೆಂದು ನಾನು ಹೇಳುತ್ತಿಲ್ಲ. ಹೂಳು ಒಳ್ಳೆಯ ಗೊಬ್ಬರ, ಗದ್ದೆಗೆ ಹೊತ್ತು ಹಾಕಿಕೊಂಡವರಿಗೆ ಗೊತ್ತು. ಆದರೆ ನೀರಿನ ದಾರಿ ನೋಡದೆ ಹೂಳೆತ್ತುವುದೆಂದರೆ ಬಾಗಿಲು ಮುಚ್ಚಿ ಕಣಜ ದೊಡ್ಡದು ಮಾಡಿದ ಹಾಗೆ.

ಭೂಮಿ ಹುಣ್ಣಿಮೆಯ ಸುತ್ತು

ವರ್ಷಕ್ಕೊಮ್ಮೆ ಊರೆಲ್ಲ ಸುತ್ತುವುದು ಸಾಧ್ಯವೇ, ಯಾರಿಗೆ ಪುರುಸೊತ್ತು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕೆರೆಬೇಟೆ ಎಂದರೆ ಕೂಣಿ ಹಿಡಿದು ಊರಿಗೆ ಊರೇ ಕೆರೆಗೆ ಇಳಿಯುತ್ತದೆ. ಪಕ್ಕದ ಊರಿನವರೂ ಬರುತ್ತಾರೆ. ಮೀನಿಗಾಗಿ ಒಂದು ದಿನ ಕೆರೆಗೆ ಇಳಿಯಬಲ್ಲ ಊರು ನೀರಿಗಾಗಿ ಒಂದು ಬೆಳಗು ನಡೆಯಲಾರದೇ?

ಅದಕ್ಕೆ ತಕ್ಕ ದಿನವೂ ನಮ್ಮಲ್ಲಿ ಇದ್ದೇ ಇದೆ. ಭೂಮಿ ಹುಣ್ಣಿಮೆಯ ದಿನ ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ತುಂಬು ಬಸುರಿಯಾದ ಭೂತಾಯಿಗೆ ಬಯಕೆಯ ಅಡುಗೆ ಬಡಿಸುತ್ತೇವೆ. ಗದ್ದೆಯಲ್ಲೇ ಕೂತು ಉಣ್ಣುತ್ತೇವೆ. ಅಂದು ಹೇಗೂ ಗೇಯ್ಮೆ ಇಲ್ಲ. ಊಟ ಮುಗಿಸಿ ಮನೆಗೆ ಮರಳುವ ಬದಲು ಅಲ್ಲಿಂದಲೇ ಕಾಲುವೆ ಹಿಡಿದು ಹೊರಟರಾಯಿತು. ಆ ಹೊತ್ತಿಗೆ ಮಳೆಯ ಅಬ್ಬರ ತಗ್ಗಿರುತ್ತದೆ. ಕಾಲುವೆಯಲ್ಲಿ ಇನ್ನೂ ನೀರು ಹರಿಯುತ್ತಿರುವುದರಿಂದ ಎಲ್ಲಿ ನಿಂತಿದೆ, ಎಲ್ಲಿ ಕದ್ದುಹೋಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಬೇಸಿಗೆಯಲ್ಲಿ ನಡೆದರೆ ಒಣ ಕಾಲುವೆ ಏನನ್ನೂ ಹೇಳುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಈ ಜ್ವರದ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ವರೆಗೆ. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಾನಿನೊಳಗೆ ತಿರುಗಾಡುವುದು ಬೇಡ. ಯಾವಾಗ ಹೋದರೂ ಮೈತುಂಬ ಬಟ್ಟೆ ಇರಲಿ, ಬಂದೊಡನೆ ಬಿಸಿನೀರಿನ ಸ್ನಾನವಾಗಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಸುತ್ತು ಹೊರಡುವಾಗ ಹೆಚ್ಚಿನ ಸಾಮಾನು ಬೇಡ. ಭೂಮಾಪನ ಇಲಾಖೆಯಿಂದ ಊರಿನ ನಕ್ಷೆಯ ಪ್ರತಿ, ಅಡಿ ಗುರುತು ಹಾಕಿದ ಒಂದು ಗಳ, ಒಂದು ಕತ್ತಿ, ಬರೆದುಕೊಳ್ಳಲು ಪುಸ್ತಕ. ನಕ್ಷೆಯಲ್ಲಿ ಹಳ್ಳ, ಕಾಲುವೆ, ದಾರಿಗಳು ಗೆರೆಯಾಗಿ ಇರುತ್ತವೆ. ಸಾರ್ವಜನಿಕರ ಈ ಜಾಗ ದಾಖಲೆಯಲ್ಲಿ 'ಬಿ ಖರಾಬು'. ಅದು ಯಾರ ಖಾತೆಗೂ ಸೇರಿದ್ದಲ್ಲ. ಕೆರೆಯ ಒತ್ತುವರಿ ತಡೆಯಲೆಂದೇ 2014ರಲ್ಲಿ ರಾಜ್ಯದಲ್ಲಿ ಪ್ರತ್ಯೇಕ ಕಾಯಿದೆಯೂ ಬಂತು. ಆದರೆ ಕಾಯಿದೆ ಹಿಡಿದುಕೊಂಡು ಹೊರಟರೆ ಮೊದಲ ಬೇಲಿಯ ಹತ್ತಿರವೇ ಜಗಳವಾಗುತ್ತದೆ. ಆದ್ದರಿಂದ ಮೊದಲ ವರ್ಷ ಯಾರ ಹೆಸರನ್ನೂ ಎತ್ತಬೇಡಿ. ಎಲ್ಲಿ ಅಗಲ ಎಷ್ಟಿದೆ, ಎಲ್ಲಿ ಮಣ್ಣು ಕೂತಿದೆ, ಯಾವ ಮೋರಿ ಎತ್ತರದಲ್ಲಿದೆ, ಕೋಡಿಯ ಕಲ್ಲು ಕದಲಿದೆಯೇ, ತೂಬು ಸೋರುತ್ತಿದೆಯೇ, ಕಾನಿನ ಒರತೆಯಲ್ಲಿ ನೀರಿದೆಯೇ ಎಂದು ಬರೆದುಕೊಳ್ಳಿ. ಬರೆಯುವ ಕೆಲಸ ಶಾಲೆಯ ಮಕ್ಕಳಿಗೆ ಕೊಡಿ. ಮಕ್ಕಳು ಅಳೆದು ಬರೆದದ್ದನ್ನು ಸುಳ್ಳೆನ್ನಲು ದೊಡ್ಡವರಿಗೆ ನಾಚಿಕೆಯಾಗುತ್ತದೆ. ನನಗೆ ಆದದ್ದು ಹಾಗೆಯೇ.

ಕಲ್ಲುಹಾಸಿನ ದಾರಿ ಬೇಡ

ನಮ್ಮ ಸುತ್ತಿನ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಒಬ್ಬ ಗೆಳೆಯರು, "ಪೇಟೆಯವರು ಇಷ್ಟಪಡುತ್ತಾರೆಂದ ಮೇಲೆ ಕೆರೆಯ ಸುತ್ತ ಸಿಮೆಂಟು ಇಟ್ಟಿಗೆ ಹಾಸಿ, ಕಮಾನು ಕಟ್ಟಿಸಿ, ಕಾನಿನವರೆಗೆ ರಸ್ತೆ ಮಾಡಿಸೋಣ. ನಾಲ್ಕು ಜನ ಬಂದರೆ ಊರಿಗೆ ನಾಲ್ಕು ಕಾಸು" ಎಂದರು. ಅವರ ಉದ್ದೇಶ ಒಳ್ಳೆಯದೇ. ಬರುವವರನ್ನು ಬೇಡವೆನ್ನುವವನು ನಾನೂ ಅಲ್ಲ. ನಮ್ಮ ತಾಲ್ಲೂಕಿನ ಗುಡವಿ ಕೆರೆಗೆ ನೀರಿನಲ್ಲಿ ನಿಂತ ಮರಗಳ ಮೇಲೆ ಗೂಡು ಕಟ್ಟುವ ಹಕ್ಕಿಗಳನ್ನು ನೋಡಲು ದೂರದೂರದವರು ಬರುತ್ತಾರೆ. ಅಲ್ಲಿಯೂ ಅವರು ನೋಡಲು ಬರುವುದು ನೀರನ್ನು, ಮರವನ್ನು, ಹಕ್ಕಿಯನ್ನು, ಕಮಾನನ್ನಲ್ಲ.

ರಸ್ತೆ ಕಾನಿಗೆ ಹೋದರೆ ಅದರ ಹಿಂದೆಯೇ ಟ್ರ್ಯಾಕ್ಟರೂ ಹೋಗುತ್ತದೆ. ಮಣ್ಣು, ಸೌದೆ, ಕಲ್ಲು ಎಲ್ಲ ಅದೇ ದಾರಿಯಲ್ಲಿ ಇಳಿದುಬರುತ್ತವೆ. ಕೆರೆಯ ಸುತ್ತ ಗಾರೆ ಹಾಕಿದರೆ ಬದಿಯಿಂದ ಬರುವ ನೀರಿಗೆ ತಡೆ, ದನಕ್ಕೆ ನೀರಿಗಿಳಿಯಲು ದಾರಿಯಿಲ್ಲ. ಕಾಲುದಾರಿ ಕಾಲಿನಿಂದಲೇ ಆಗಬೇಕು. ವರ್ಷಕ್ಕೊಮ್ಮೆ ಊರು ನಡೆದರೆ, ಆಗಾಗ ದನಗಾಹಿ, ಸೊಪ್ಪಿನವರು, ಶಾಲೆಯ ಮಕ್ಕಳು, ಬಂದ ನೆಂಟರು ನಡೆದರೆ ಅಷ್ಟೇ ಸಾಕು. ನಡೆಯುವ ದಾರಿಯಲ್ಲಿ ಬೇಲಿ ಮುಂದಕ್ಕೆ ಬರುವುದಿಲ್ಲ. ಯಾರೂ ನೋಡದ ಕಡೆಯಲ್ಲೇ ಬೇಲಿಗೆ ಕಾಲು ಬರುವುದು.

ನನ್ನ ಬೇಲಿಯ ಕಥೆ

ಇಷ್ಟು ಹೇಳಿದ ಮೇಲೆ ನನ್ನ ಬೇಲಿ ಏನಾಯಿತೆಂದು ಹೇಳದಿದ್ದರೆ ತಪ್ಪಾಗುತ್ತದೆ. ಮಾಘ ಮಾಸದಲ್ಲಿ ಅಡಿಕೆ ಕೊಯ್ಲು ಮುಗಿದ ಮೇಲೆ ನಕ್ಷೆ ತರಿಸಿ ಅಳೆಸಿದೆ. ಎರಡು ಸಾಲಿನಲ್ಲಿ ಒಂದು ಸಾಲು ಪೂರ್ತಿ ಕಾಲುವೆಯಲ್ಲಿತ್ತು. ಹದಿನೇಳು ಮರ, ಎಲ್ಲವೂ ಫಲ ಹಿಡಿದವು. ಮನೆಯವಳು ಎರಡು ದಿನ ಮಾತು ಬಿಟ್ಟಳು. "ಮಕ್ಕಳ ಹಾಗೆ ಸಾಕಿದ ಮರ, ಊರೆಲ್ಲ ಒತ್ತಿಕೊಂಡು ಸುಮ್ಮನಿರುವಾಗ ನಿಮಗೊಬ್ಬರಿಗೆ ಯಾಕೆ?" ಎಂದಳು. ಆ ಮಾತಿಗೂ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಅಡಿಕೆಯ ಧಾರಣೆ ಗೊತ್ತಿದ್ದವರಿಗೆ ನನ್ನ ನಷ್ಟದ ಅಂದಾಜು ಸಿಗುತ್ತದೆ. ಕಡಿದ ದಿನ ನಾನು ತೋಟಕ್ಕೆ ಹೋಗಲಿಲ್ಲ. ಆಳುಗಳನ್ನು ಕಳಿಸಿ ಮನೆಯಲ್ಲೇ ಕೂತಿದ್ದೆ.

ಕಾಲುವೆಯನ್ನು ಎಂಟು ಅಡಿಗೆ ಬಿಡಿಸಿ, ಊರಕೆರೆಗೆ ಸೇರುವ ಮೊದಲು ಒಂದು ಹೂಳುಗುಂಡಿ ತೋಡಿಸಿದೆ. ನೀರು ಅಲ್ಲಿ ನಿಧಾನಿಸಿ ಮಣ್ಣು ಬಿಟ್ಟು ಮುಂದೆ ಹೋಗುತ್ತದೆ. ವರ್ಷಕ್ಕೊಮ್ಮೆ ಆ ಗುಂಡಿಯ ಮಣ್ಣು ತೆಗೆದರೆ ಕೆರೆಯ ಹೂಳೆತ್ತುವ ಖರ್ಚು ಎಷ್ಟೋ ಉಳಿಯುತ್ತದೆ. ಶುಂಠಿ ಹಾಕಿದವರು ಈ ಸಲ ಮಡಿಯನ್ನು ಅಡ್ಡ ತೆಗೆದಿದ್ದಾರೆ. ನಾನು ಹೇಳಿದ್ದಕ್ಕಲ್ಲ, ಮಣ್ಣು ಹೋದದ್ದು ತಮ್ಮದೇ ಎಂದು ನಡುಗೆರೆಯ ದಿಬ್ಬ ನೋಡಿ ಅವರಿಗೆ ತಿಳಿಯಿತಂತೆ. ರಸ್ತೆಯ ಪೈಪಿಗೆ ಅರ್ಜಿ ಕೊಟ್ಟಾಗಿದೆ, ಇನ್ನೂ ಆಗಿಲ್ಲ. ದಿಣ್ಣೆಯ ಅಗಳ ಹಾಗೆಯೇ ಇದೆ.

ಇದರಿಂದ ಕೆರೆ ತುಂಬಿತೇ ಎಂದು ಕೇಳಿದರೆ, ಒಂದು ಮಳೆಗಾಲ ನೋಡಿ ಹೇಳಿಬಿಡುವ ಮಾತಲ್ಲ ಅದು. ಪುಷ್ಯ ಮಳೆಯ ಒಂದು ರಾತ್ರಿ ಕಂಬಳಿ ಹೊದ್ದು ಬ್ಯಾಟರಿ ಹಿಡಿದು ತೋಟದಂಚಿಗೆ ಹೋಗಿ ನಿಂತಿದ್ದೆ. ಕಾಲುವೆಯಲ್ಲಿ ನೀರು ದಂಡೆ ಹಾರದೆ, ತುಂಬಿಕೊಂಡು, ಒಂದೇ ಸಮನೆ ಊರಕೆರೆಯ ಕಡೆಗೆ ಹೋಗುತ್ತಿತ್ತು. ಇಷ್ಟು ವರ್ಷ ಆ ನೀರು ನನ್ನ ಬೇಲಿಗೆ ತಡೆದು ಎಲ್ಲೆಲ್ಲಿಗೋ ಹೋಗುತ್ತಿತ್ತಲ್ಲ ಎಂದು ಅಲ್ಲಿ ನಿಂತಾಗ ಅನ್ನಿಸಿತು.

ಬರುವ ಭೂಮಿ ಹುಣ್ಣಿಮೆಗೆ ನಮ್ಮೂರಲ್ಲಿ ಸುತ್ತು ಹೊರಡುವುದೆಂದು ಏಳೆಂಟು ಮನೆಯವರು ಮಾತಾಡಿಕೊಂಡಿದ್ದೇವೆ. ಎಲ್ಲರೂ ಬರುವುದಿಲ್ಲ, ಕೆಲವರು ನಗುತ್ತಿದ್ದಾರೆ. ಹಿರಿಯರಿಗೆ ಈಗ ಅಷ್ಟು ದೂರ ನಡೆಯಲಾಗದು. ಊರಕೆರೆಯ ಕೋಡಿಯ ಹತ್ತಿರ ಕೂತಿರುತ್ತೇನೆ, ಸುತ್ತು ಮುಗಿಸಿ ಬಂದು ಏನು ಕಂಡಿರಿ ಎಂದು ಹೇಳಿ ಎಂದಿದ್ದಾರೆ. ನಿಮ್ಮ ಊರಿನಲ್ಲೂ ಹಾಗೆ ಕಾದು ಕೂರುವ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಅವರು ಇರುವಾಗಲೇ ಒಂದು ಸುತ್ತು ಹೋಗಿಬನ್ನಿ.